ಉದಾಹರಣೆಗೆ ಒಂದು ಹೆಸರು

ಕೆಲವರಿಗೆ ಹಾವು ಕಂಡರೆ ಭಯ, ಕೆಲವರಿಗೆ ಹಲ್ಲಿನ ಡಾಕ್ಟರು ಕಂಡರೆ ಭಯ. ನನಗೆ ಈಚೆಗೆ ‘ಉದಾಹರಣೆಗೆ’ ಎಂಬ ನಿರುಪದ್ರವಿ ಪದ ಕಂಡರೆ ಅಂಗೈ ತಣ್ಣಗಾಗುತ್ತದೆ. ಐವತ್ತನಾಲ್ಕು ವರ್ಷದ ಗಂಡಸು, ಇಬ್ಬರು ಮಕ್ಕಳ ತಂದೆ, ತರೀಕೆರೆಯ ಬೀದಿಯಲ್ಲಿ ನಾಲ್ಕು ಜನ ಎದುರಾದರೆ ಇಬ್ಬರಾದರೂ ನಮಸ್ಕಾರ ಹೇಳುವಂಥವನು, ಹೀಗೆ ಒಂದು ಪದಕ್ಕೆ ಹೆದರುತ್ತೇನೆ ಎಂದು ಬರೆದುಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಬರೆಯುವುದೇ ಕಸುಬಾದವನು ನಾಚಿಕೆಯನ್ನು ಎಲ್ಲಿ ಅಂತ ಬಚ್ಚಿಟ್ಟುಕೊಳ್ಳಬೇಕು ಹೇಳಿ. ಆದದ್ದನ್ನು ಆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮ್ಮ ಇಷ್ಟ. ನನ್ನ ಹೆಂಡತಿ ಗಿರಿಜಾ ಅರ್ಧ ನಂಬಿದ್ದಾಳೆ, ಅದೂ ನನಗೆ ಅನುಕೂಲವಿಲ್ಲದ ಅರ್ಧ.

ನಾನು ಮೂವತ್ತು ವರ್ಷ ತರೀಕೆರೆಯಲ್ಲಿ ನೋಂದಣಿ ಕಚೇರಿಯ ಎದುರು, ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಬರೆದವನು. ಪತ್ರ ಬರೆಯುವವನ ಬುದ್ಧಿ ಒಂದು ಬಗೆಯ ಕೆಟ್ಟ ಬುದ್ಧಿ. ಎದುರಿಗೆ ಅಣ್ಣತಮ್ಮಂದಿರು ಒಂದೇ ಪೊಟ್ಟಣದಿಂದ ಮಂಡಕ್ಕಿ ತಿನ್ನುತ್ತ ನಿಂತಿದ್ದರೂ ನಾವು ‘ಒಂದು ವೇಳೆ ಮುಂದೆ ಇವರಲ್ಲಿ ಯಾರಾದರೂ ತಕರಾರು ಎತ್ತಿದಲ್ಲಿ’ ಎಂದು ಬರೆಯಲೇಬೇಕು. ಆಮೇಲೆ ಚಕ್ಕುಬಂದಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಯಾರ ಬೇಲಿ, ದಕ್ಷಿಣಕ್ಕೆ ಯಾವ ದಾರಿ. ನಾಲ್ಕು ದಿಕ್ಕು ಹೇಳದ ಜಮೀನು ಜಮೀನೇ ಅಲ್ಲ ಎಂದು ನನಗೆ ಕಸುಬು ಕಲಿಸಿದ ನಮ್ಮ ತಂದೆ ಹೇಳುತ್ತಿದ್ದರು. ಕಾಲ ಬದಲಾಯಿತು. ನಮೂನೆಗಳೆಲ್ಲ ಕಂಪ್ಯೂಟರಿಗೆ ಹೋದವು. ಮರದ ಕೆಳಗೆ ನಾನೂ ನನ್ನ ಸ್ಟಾಂಪ್ ಪ್ಯಾಡೂ ಮುಖ ಮುಖ ನೋಡಿಕೊಂಡು ಕೂರುವ ಹಾಗಾಯಿತು.

ಆಗ ನನ್ನನ್ನು ಹುಡುಕಿಕೊಂಡು ಬಂದವಳು ಶಿವನಿಯ ಶ್ವೇತಾ. ಅವಳ ತಂದೆಯ ಮೂರು ಪತ್ರಗಳು ನನ್ನ ಕೈಯಲ್ಲೇ ಆಗಿದ್ದವು. ಕಡೂರಿನಲ್ಲಿ ಒಂದು ಗೊಬ್ಬರದಂಗಡಿಯ ಮಹಡಿ ಮೇಲೆ ಅವಳದೊಂದು ಪುಟ್ಟ ಸಾಫ್ಟ್‌ವೇರ್ ಕಚೇರಿ. ಕುರಿ ಸಾಕುವವರ ಒಂದು ಸಂಘಕ್ಕೆ ಫೋನಿನ ಆ್ಯಪ್ ಮಾಡಿಕೊಡುತ್ತಿದ್ದರು. ಯಾರ ಹಿಂಡಿನಲ್ಲಿ ಎಷ್ಟು ಕುರಿ, ಯಾವ ಕುರಿಯ ಕಿವಿಗೆ ಯಾವ ನಂಬರಿನ ಬಿಲ್ಲೆ, ಯಾವಾಗ ಲಸಿಕೆ, ಯಾವಾಗ ಮರಿ, ಎಲ್ಲ ಅದರಲ್ಲಿ. “ಮೂರ್ತಣ್ಣ, ನಮ್ಮೋರಿಗೆ ಕೋಡ್ ಬರೆಯಕ್ಕೆ ಬರುತ್ತೆ, ಏನು ಬರೀಬೇಕು ಅಂತ ಬರೆಯಕ್ಕೆ ಬರಲ್ಲ. ನೀವು ಬಂದ್ಬಿಡಿ,” ಎಂದಳು. ಮರುವಾರದಿಂದ ನಾನು ಬೆಳಗಿನ ರೈಲು ಹತ್ತಿ ಕಡೂರಿಗೆ ಹೋಗತೊಡಗಿದೆ. ಕಚೇರಿಯಲ್ಲಿ ಶ್ವೇತಾ ಅಲ್ಲದೆ ಇನ್ನಿಬ್ಬರು. ಹಿರೇನಲ್ಲೂರಿನ ಮಂಜುನಾಥ ಕೋಡ್ ಬರೆಯುವವನು. ಕಡೂರಿನವಳೇ ಆದ ರೇಷ್ಮಾ ಅವನು ಬರೆದದ್ದರಲ್ಲಿ ತಪ್ಪು ಹುಡುಕುವವಳು. ಈ ಇಬ್ಬರಿಗೂ ಸೊಸೆ ಅತ್ತೆಯ ಸಂಬಂಧ ಎಂದರೆ ನಿಮಗೆ ಅರ್ಥವಾದೀತು.

ಅಲ್ಲಿನ ಪದ್ಧತಿ ನನಗೆ ಮೊದಲ ದಿನವೇ ಹಿಡಿಸಿತು. ಅವರು ಒಂದೊಂದು ಕೆಲಸಕ್ಕೂ ‘ಸ್ಟೋರಿ’ ಎನ್ನುತ್ತಾರೆ. ಎರಡೆರಡು ವಾರಕ್ಕೆ ಇಷ್ಟಿಷ್ಟು ಸ್ಟೋರಿ ಎಂದು ಎತ್ತಿಕೊಳ್ಳುತ್ತಾರೆ. ಆದರೆ ಯಾವುದನ್ನೂ ಹಾಗೇ ಎತ್ತಿಕೊಳ್ಳುವಂತಿಲ್ಲ. ಮಂಗಳವಾರ ಹನ್ನೊಂದಕ್ಕೆ ಎಲ್ಲರೂ ದುಂಡಗೆ ಕೂತು ನಾನು ಬರೆದದ್ದನ್ನು ಓದಬೇಕು, ಪ್ರಶ್ನೆ ಕೇಳಬೇಕು, ಒಬ್ಬರಿಗೂ ಅನುಮಾನ ಉಳಿಯಬಾರದು. ಆಗ ಶ್ವೇತಾ ಅದರ ಮುಂದೆ ‘ರೆಡಿ’ ಎಂದು ಹಾಕುತ್ತಾಳೆ. ಅದು ಬೀಳುವ ತನಕ ಮಂಜು ಕೀಬೋರ್ಡ್ ಮುಟ್ಟುವಂತಿಲ್ಲ. ನನಗೆ ಇದು ಹೊಸದೆನಿಸಲೇ ಇಲ್ಲ. ಪ್ರತಿಯೊಂದು ಸ್ಟೋರಿಗೂ ಚಕ್ಕುಬಂದಿ ಬರೆಯಲು ಶುರು ಮಾಡಿದೆ. ಪೂರ್ವಕ್ಕೆ ಲಾಗಿನ್ ಆಗುವುದು, ಪಶ್ಚಿಮಕ್ಕೆ ಲಸಿಕೆಯ ಪಟ್ಟಿ, ಉತ್ತರಕ್ಕೆ ಫೋಟೋ ತೆಗೆಯುವುದು, ದಕ್ಷಿಣಕ್ಕೆ ಮರಿಗಳ ಲೆಕ್ಕ, ಇದರ ಮಧ್ಯೆ ಇರುವ ಕೆಲಸ ಮಾತ್ರ ಈ ಸ್ಟೋರಿಯದು, ಬೇಲಿ ದಾಟಿದರೆ ಒತ್ತುವರಿ. ಮಂಜುವಿಗೆ ಇದು ಬಹಳ ಇಷ್ಟವಾಯಿತು. ರೇಷ್ಮಾ ಏನಾದರೂ ಹೆಚ್ಚಿಗೆ ಕೇಳಿದರೆ “ಅದು ಚಕ್ಕುಬಂದಿ ಒಳಗೆ ಬರಲ್ಲ ಕಣಮ್ಮ,” ಎಂದು ಕಾಲು ಚಾಚಿ ಕೂರುವುದನ್ನು ಕಲಿತ.

ಇಲ್ಲಿಗೆ ನಿಂತಿದ್ದರೆ ನಾನು ಸುಖಿ. ಆದರೆ ಸ್ಟೋರಿಗೊಂದು ಉದಾಹರಣೆ ಇರಬೇಕು ಎಂಬ ನಿಯಮವೂ ಅಲ್ಲಿತ್ತು. ಮೊದಮೊದಲು ಅವರು ‘ಒಬ್ಬ ಬಳಕೆದಾರನು’ ಎಂದು ಬರೆದುಕೊಳ್ಳುತ್ತಿದ್ದರಂತೆ. ನಾನು ಒಪ್ಪಲಿಲ್ಲ. ಒಬ್ಬ ಎಂದರೆ ಯಾರು, ಯಾರ ಮಗ, ಯಾವ ಊರು? ಪತ್ರದಲ್ಲಿ ಹಾಗೆ ಬರೆದರೆ ನಡೆದೀತೇ? ಎಲ್ಲ ಉದಾಹರಣೆಗೂ ನಿಜವಾದ ಹೆಸರು, ನಿಜವಾದ ಊರು, ತಾರೀಕು, ಹೊತ್ತು, ಗುರುತು ಇರಲೇಬೇಕೆಂದು ಹಟ ಹಿಡಿದೆ. ಎಲ್ಲರೂ ತಲೆಯಾಡಿಸಿದರು. ಆ ಹಟಕ್ಕೆ ನಾನು ಈಗ ಪಡುವಷ್ಟು ಪಶ್ಚಾತ್ತಾಪ ಬೇರೆ ಯಾವುದಕ್ಕೂ ಪಟ್ಟಿಲ್ಲ.

ಮೊದಲನೆಯದು ಕಳೆದುಹೋದ ಕುರಿಯ ಸ್ಟೋರಿ. ‘ಉದಾಹರಣೆಗೆ, ಯಗಟಿಯ ಈರಜ್ಜನ ನಲವತ್ತೊಂದನೇ ಬಿಲ್ಲೆಯ ಟಗರು ತಪ್ಪಿಸಿಕೊಂಡು, ನಾಲ್ಕನೇ ದಿನ ಹಿರೇನಲ್ಲೂರಿನ ಕಡೆ ಬೇರೊಬ್ಬರ ಹಿಂಡಿನಲ್ಲಿ ಸಿಕ್ಕುತ್ತದೆ. ಅದರ ಎಡಗೊಂಬಿಗೆ ಕೆಂಪು ದಾರ ಕಟ್ಟಿರುತ್ತದೆ’ ಎಂದು ಬರೆದಿದ್ದೆ. ಈರಜ್ಜ ಎಂಬತ್ತರ ಹತ್ತಿರದ ಕುರಿಗಾಹಿ. ಆ್ಯಪಿನಲ್ಲಿ ಏನೇನು ಬೇಕೆಂದು ನಾವು ಕೇಳುತ್ತಿದ್ದುದು ಅವನನ್ನೇ. ಕೆಂಪು ದಾರ ಸುಮ್ಮನೆ ಅಂದಕ್ಕೆ ಹಾಕಿದ್ದು. ಎರಡು ವಾರದ ಮೇಲೆ ಯಗಟಿಗೆ ಹೋದಾಗ ಈರಜ್ಜ, “ಟಗರು ತಪ್ಪಿಸ್ಕಂಡು ನಾಕು ದಿನ ಅಲೆಸ್ಬುಡ್ತು ಕಣಪ್ಪ. ಹಿರೇನಲ್ಲೂರ್ ಕಡೇರ ಹಿಂಡಲ್ಲಿತ್ತು. ಯಾವನೋ ಕೊಂಬಿಗೆ ಕೆಂಪು ದಾರ ಕಟ್ಟವ್ನೆ,” ಎಂದ. ಯಾವ ಕೊಂಬಿಗೆ ಎಂದು ನಾನು ಕೇಳಲಿಲ್ಲ. ಆದರೆ ಟಗರು ಅಲ್ಲೇ ನಿಂತಿತ್ತು, ಕಣ್ಣಿಗೆ ಕಂಡುಬಿಟ್ಟಿತು.

ಎರಡನೆಯದು ಮಂಜುವಿನ ಫೋನು. ‘ಉದಾಹರಣೆಗೆ, ಮಂಜುನಾಥನ ಫೋನು ನೀರಿಗೆ ಬಿದ್ದು ಕೆಟ್ಟುಹೋಗುತ್ತದೆ’ ಎಂದು ಮಂಗಳವಾರ ಓದಿದೆವು, ಬುಧವಾರ ಹಂಡೆಗೆ ಬಿತ್ತು. ಆಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಫೋನು ನೀರಿಗೆ ಬೀಳುವುದೇನು ಅಪರೂಪವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೂರನೆಯದರ ಮೇಲೆ ನಗುವುದು ನಿಂತಿತು. ಒಬ್ಬನೇ ಮನುಷ್ಯ ಒಂದೇ ಹೊತ್ತಿಗೆ ಎರಡು ಊರಿನಿಂದ ಆ್ಯಪ್ ತೆರೆದರೆ ಏನು ಮಾಡಬೇಕು ಎಂಬ ಸ್ಟೋರಿ ಅದು. ಇನ್ನೊಬ್ಬರ ಹೆಸರು ಯಾಕೆ ಎಂದು ನನ್ನದೇ ಹಾಕಿದೆ. ‘ಉದಾಹರಣೆಗೆ, ತರೀಕೆರೆಯ ಶಿವಮೂರ್ತಿ ಭಾನುವಾರ ಮಧ್ಯಾಹ್ನ ಹನ್ನೆರಡು ಹತ್ತಕ್ಕೆ ತರೀಕೆರೆಯಲ್ಲೂ ಇರುತ್ತಾನೆ, ಅಜ್ಜಂಪುರದಲ್ಲೂ ಇರುತ್ತಾನೆ.’ ಆ ಭಾನುವಾರ ನಾನು ಮನೆಯ ಹಿತ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಎದುರಿಗೆ ತಂತಿಯ ಮೇಲೆ ನನ್ನ ನೀಲಿ ಗೆರೆಯ ಅಂಗಿ ಒಣಗುತ್ತಿತ್ತು. ಹನ್ನೆರಡೂವರೆಗೆ ಅಜ್ಜಂಪುರದಿಂದ ಗಿರಿಜಾಳ ತಮ್ಮ ರುದ್ರೇಶನ ಫೋನು. “ಏನ್ ಭಾವ, ನಮ್ ಅಂಗಡಿ ಮುಂದೆ ಹಾದು ಹೋಗ್ತೀರಿ, ಕರೆದ್ರೆ ತಿರುಗಿ ನೋಡ್ತೀರಿ, ಮಾತಾಡಿಸ್ದಂಗೆ ಹೋಗ್ಬಿಡ್ತೀರಿ. ನಾವೇನು ತಪ್ಪು ಮಾಡಿದ್ವಿ?” ನಾನು ಮನೆಯಲ್ಲೇ ಇದ್ದೇನಪ್ಪಾ ಎಂದೆ. “ಬಿಡಿ ಭಾವ, ನಂಗೆ ಕಣ್ಣಿಲ್ವಾ. ಅದೇ ನೀಲಿ ಗೆರೆ ಅಂಗಿ, ಕಂಕುಳಲ್ಲಿ ಫೈಲು. ಅಂಗಿ ಯಾಕೋ ಒದ್ದೆ ಆಗಿತ್ತು,” ಎಂದ. ನಾನು ತಂತಿಯ ಕಡೆ ನೋಡಿದೆ. ಅಂಗಿಯ ತೋಳಿನಿಂದ ಇನ್ನೂ ಒಂದೊಂದೇ ಹನಿ ಬೀಳುತ್ತಿತ್ತು. ಗಾಳಿ ಇರಲಿಲ್ಲ, ಆದರೂ ಅದು ಆಗತಾನೇ ಯಾರೋ ತಂದು ಹಾಕಿದ ಹಾಗೆ ಸ್ವಲ್ಪ ತೂಗುತ್ತಿತ್ತು.

ಗಿರಿಜಾ ನಂಬಿದ ಅರ್ಧ ಯಾವುದೆಂದರೆ, ನಾನು ಅಜ್ಜಂಪುರಕ್ಕೆ ಹೋಗಿದ್ದೆ ಎಂಬುದು. ಎದುರಿಗೇ ಕೂತು ಅವರೆಕಾಯಿ ಸುಲಿಯುತ್ತಿದ್ದ ಗಂಡನನ್ನು ಬಿಟ್ಟು ಫೋನಿನಲ್ಲಿ ಹೇಳಿದ ತಮ್ಮನನ್ನು ನಂಬುವುದು ಹೇಗೆಂದು ನನ್ನನ್ನು ಕೇಳಬೇಡಿ. “ಅಲ್ಲೀಗಂಟ ಹೋದೋರು ಅವನ ಮಗಳಿಗೆ ಒಂದು ಬಿಸ್ಕತ್ ಪೊಟ್ಟಣ ಆದ್ರೂ ಕೊಟ್ಟು ಬರಬಾರ್ದಿತ್ತಾ?” ಎಂದಳು. ನಾನು ಸ್ಟೋರಿಯ ವಿಷಯ ಹೇಳಿದಾಗ ಮಾತ್ರ ಅವಳ ಮುಖ ಗಂಭೀರವಾಯಿತು. “ಅಂಥದ್ದೆಲ್ಲ ಯಾಕೆ ಬರೀತೀರಾ? ಮೊದ್ಲು ಬಿಡ್ತು ಅನ್ನಿ,” ಎಂದಳು. ನಾನು ಅಂದೆ. ನಮ್ಮ ಕಡೆ ಕೆಟ್ಟ ಮಾತು ಬಾಯಿಂದ ಜಾರಿದರೆ ಹಿರಿಯರು ಕೂಡಲೇ ಬಿಡ್ತು ಅನ್ನಿಸಿ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆಡಿದ ಮಾತಿಗೆ ಅದು ನಡೆಯುತ್ತದೆ. ಬರೆದು, ನಾಲ್ಕು ಜನ ಒಪ್ಪಿ, ರೆಡಿ ಎಂದು ಮೊಹರು ಬಿದ್ದದ್ದಕ್ಕೆ ನಡೆಯುತ್ತದೆಯೇ ಎಂಬುದು ನನ್ನ ಮೂವತ್ತು ವರ್ಷದ ಅನುಭವಕ್ಕೂ ಸಿಕ್ಕಿರಲಿಲ್ಲ.

ಕಚೇರಿಯಲ್ಲಿ ವಿಷಯ ಹೇಳಿದೆ. ಓದಿಕೊಂಡ ಹುಡುಗರು, ನಗುತ್ತಾರೆ ಎಂದುಕೊಂಡಿದ್ದೆ. ರೇಷ್ಮಾ ಎದ್ದು ಹೋಗಿ, ಸ್ಟೋರಿ ರೆಡಿಯಾಗುವ ಮೊದಲು ಗುರುತು ಹಾಕಬೇಕಾದ ಪಟ್ಟಿಯಲ್ಲಿ ಕೊನೆಗೆ ಒಂದು ಸಾಲು ಸೇರಿಸಿದಳು: ‘ಬಿಡ್ತು ಅಂದಾಯ್ತೇ?’ ಅಂದಿನಿಂದ ಮಂಗಳವಾರ ಹನ್ನೊಂದೂಮುಕ್ಕಾಲಿಗೆ ಗೊಬ್ಬರದಂಗಡಿಯ ಮಹಡಿಯಿಂದ ನಾಲ್ಕು ಜನ ಒಟ್ಟಿಗೆ ಬಿಡ್ತು ಎನ್ನುವುದು ಕೆಳಗೆ ಕೇಳಿಸುತ್ತಿತ್ತು. ಕೆಳಗಿನವರು ಇದು ಕಂಪ್ಯೂಟರಿನ ಮಂತ್ರ ಇರಬೇಕೆಂದು ತಿಳಿದರು. ನಾನು ಉದಾಹರಣೆಗಳಲ್ಲಿ ಒಳ್ಳೆಯದನ್ನೇ ಬರೆಯತೊಡಗಿದೆ. ಕುರಿಗಳು ಅವಳಿ ಮರಿ ಹಾಕಿದವು, ಬಸ್ಸುಗಳು ಹೊತ್ತಿಗೆ ಸರಿಯಾಗಿ ಬಂದವು. ಇವು ಮಾತ್ರ ಒಂದೂ ನಿಜವಾಗಲಿಲ್ಲ.

ಹೀಗಿರುವಾಗ ಸಂಘದಿಂದ ಒಂದು ಬೇಡಿಕೆ ಬಂತು. ಹಿಂಡಿನ ಯಜಮಾನ ತೀರಿಕೊಂಡರೆ ಹಿಂಡು ಯಾರ ಹೆಸರಿಗೆ ಹೋಗಬೇಕು ಎಂಬುದು ಆ್ಯಪಿನಲ್ಲೇ ಆಗಬೇಕು. ಇದನ್ನು ಕೇಳಿಸಿದವನು ಈರಜ್ಜನೇ. ಅವನ ಮಗಳು ತೀರಿಕೊಂಡಿದ್ದಳು. ಮೊಮ್ಮಗಳು ಭಾಗ್ಯ ಪಿಯುಸಿ ಮುಗಿಸಿ, ಅಜ್ಜನ ಜೊತೆಗೇ ಕುರಿ ಮೇಯಿಸಿಕೊಂಡು, ಅವನಿಗಿಂತ ಚೆನ್ನಾಗಿ ಹಿಂಡು ನೋಡಿಕೊಳ್ಳುತ್ತಿದ್ದಳು. ಅಜ್ಜ ಕಣ್ಣು ಮುಚ್ಚಿದ ಮರುದಿನ ಅವನ ತಮ್ಮನ ಮಕ್ಕಳು ಕುರಿಗಳನ್ನೆಲ್ಲ ಸಂತೆಗೆ ಹೊಡೆಯುವುದು ಊರಿಗೇ ಗೊತ್ತಿದ್ದ ಸಂಗತಿ. ವಿಲ್ ಬರೆಸೋಣ ಎಂದು ನಾನು ಹಳೆಯ ಚಟಕ್ಕೆ ಹೇಳಿದ್ದೆ. “ಜಮೀನಿಗೆ ವಿಲ್ ಬರೀಬೋದು, ಅದು ಇದ್ದಂಗೇ ಇರ್ತದೆ. ಕುರಿಗೆ ಬರೆದ್ರೆ ಒಂದು ಮರಿ ಹಾಕ್ತಲೇ ಹಳೇದಾಗೋಯ್ತದಲ್ಲಪ್ಪ,” ಎಂದಿದ್ದ ಈರಜ್ಜ. ಯುಗಾದಿಗೆ ಸಂಘದ ಪಟ್ಟಿ ಮುಚ್ಚುತ್ತದೆ, ಅಷ್ಟರೊಳಗೆ ಭಾಗ್ಯಳ ಹೆಸರು ಸೇರಬೇಕು. ಸೇರದಿದ್ದರೆ ಮುಂದಿನ ವರ್ಷ. ಅವನು ಮುಂದಿನ ವರ್ಷವನ್ನು ನಂಬುವ ವಯಸ್ಸು ದಾಟಿದ್ದ.

ನಾನು ಸ್ಟೋರಿ ಬರೆದೆ, ಚಕ್ಕುಬಂದಿ ಬರೆದೆ. ‘ಉದಾಹರಣೆಗೆ’ ಎಂದು ಬರೆದು ಕೈ ಎತ್ತಿದೆ. ಯಾರು ಸಾಯಬೇಕು? ಮೊದಲ ಮಂಗಳವಾರ ಹುಷಾರಿಲ್ಲ ಎಂದು ರಜೆ ಹಾಕಿದೆ. ಎರಡನೆಯ ಮಂಗಳವಾರ ‘ಎಕ್ಸ್’ ಎಂದು ಬರೆದುಕೊಂಡು ಹೋದೆ. “ಎಕ್ಸ್‌ಗೆ ಮಕ್ಕಳಿದಾರಾ? ಹೆಂಡ್ತಿ ಇದಾರಾ? ಎಕ್ಸು ಗಂಡಸಾ ಹೆಂಗಸಾ?” ಎಂದು ರೇಷ್ಮಾ ಕೇಳಿದಳು. ಹೆಸರಿಲ್ಲದವನ ಸಂಸಾರ ಯಾರಿಗೆ ಗೊತ್ತು? ರೆಡಿ ಬೀಳಲಿಲ್ಲ. ಮೂರನೆಯ ಮಂಗಳವಾರಕ್ಕೆ ನನಗೊಂದು ಜಾಣ ಉಪಾಯ ಹೊಳೆಯಿತು. ಈಗಾಗಲೇ ತೀರಿಹೋದವರಿಗೆ ಇನ್ನೇನು ಭಯ ಎಂದು ನಮ್ಮ ತಂದೆಯ ಹೆಸರು ಹಾಕಿದೆ. ಆದರೆ ಸತ್ತವನು ಸಾಯಬೇಕಾದರೆ ಮೊದಲು ಬದುಕಿರಬೇಕಲ್ಲ. ಅವರ ಫೋನ್ ನಂಬರ್ ಎಲ್ಲಿ, ಅವರು ಲಾಗಿನ್ ಆಗುವುದು ಯಾವಾಗ ಎಂದು ಮಂಜು ಕೇಳಿದ. ತಂದೆ ಲಾಗಿನ್ ಆಗುವ ದೃಶ್ಯ ಕಣ್ಣಿಗೆ ಬಂದು ನಾನೇ ಹೆಸರು ಹೊಡೆದುಹಾಕಿದೆ. ಉಳಿದದ್ದು ಒಂದೇ ಮಂಗಳವಾರ.

ಶನಿವಾರ ಯಗಟಿಗೆ ಹೋದೆ. ಮಧ್ಯಾಹ್ನದ ಬಸ್ಸು ನನ್ನೊಬ್ಬನನ್ನೇ ಇಳಿಸಿ ಹೋಯಿತು. ಬಿಸಿಲಿಗೆ ರಸ್ತೆ ಬೆಳ್ಳಗೆ ಬಿದ್ದುಕೊಂಡಿತ್ತು, ತೆಂಗಿನ ಗರಿ ಕೂಡ ಅಲುಗುತ್ತಿರಲಿಲ್ಲ. ರಾಗಿ ಕೊಯ್ದ ಹೊಲದಲ್ಲಿ ಈರಜ್ಜನ ನೂರ ಹತ್ತು ಕುರಿಗಳೂ ನನ್ನ ಹೆಜ್ಜೆಯ ಸದ್ದಿಗೆ ಒಟ್ಟಿಗೆ ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದವು. ಒಂದೂ ಅರಚಲಿಲ್ಲ. ನನ್ನನ್ನಲ್ಲ, ನನ್ನ ಬೆನ್ನ ಹಿಂದೆ ಸ್ವಲ್ಪ ಎತ್ತರದಲ್ಲಿ ಏನನ್ನೋ ನೋಡುತ್ತಿರುವಂತಿತ್ತು. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಅಷ್ಟರಲ್ಲಿ ಬೇಲಿಯ ನೆರಳಿನಿಂದ ಈರಜ್ಜ, “ಬಾರಪ್ಪ, ನಿಂಗೇ ಕಾಯ್ತಿದ್ದೆ,” ಎಂದ. ಬರುತ್ತೇನೆಂದು ನಾನು ಯಾರಿಗೂ ಹೇಳಿರಲಿಲ್ಲ.

ಅವನಿಗೆ ಎಲ್ಲ ಹೇಳಿದೆ. ಟಗರು, ಫೋನು, ಅಜ್ಜಂಪುರ, ಒದ್ದೆ ಅಂಗಿ. ಅವನು ಕಂಬಳಿಯ ಅಂಚು ತಿರುವುತ್ತ ಕೇಳಿದ. “ನನ್ ಹೆಸ್ರೇ ಬರ್ಕೊ,” ಎಂದ. ಆಗುವುದಿಲ್ಲ ಅಜ್ಜ ಎಂದೆ. “ಲೇ, ನೀನು ಬರೆದ್ರೂ ಸಾಯ್ತೀನಿ, ಬರೀದಿದ್ರೂ ಸಾಯ್ತೀನಿ. ಬರೆದ್ರೆ ಕುರಿ ಉಳೀತವೆ. ಈ ಮಗೀಗೆ ಬೇರೆ ಏನೈತೆ?” ಎಂದ. ಭಾಗ್ಯ ದೂರದಲ್ಲಿ ಒಂದು ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಾಲಿನ ಮುಳ್ಳು ತೆಗೆಯುತ್ತಿದ್ದಳು. ನಾವು ಏನು ಮಾತಾಡುತ್ತಿದ್ದೇವೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ತಲೆಯೆತ್ತಲಿಲ್ಲ. ಆ ಮುದುಕನ ಹೆಸರು ಬರೆಯಲು ನನ್ನ ಕೈಯಿಂದಾಗದು. ಬರೆಯದೆ ಅವಳ ಕುರಿ ಸಂತೆಗೆ ಹೋದರೆ ಆ ಪಾಪವೂ ನನ್ನದೇ. ವಾಪಸು ಬರುವ ಬಸ್ಸಿನಲ್ಲಿ ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆದೆ: ‘ಉದಾಹರಣೆಗೆ, ತರೀಕೆರೆಯ ಶಿವಮೂರ್ತಿ ತೀರಿಕೊಳ್ಳುತ್ತಾನೆ.’ ಅಕ್ಷರ ಎಂದಿಗಿಂತ ದುಂಡಗೆ ಬಂದಿತ್ತು.

ಮಂಗಳವಾರ ಬಂತು. ನನ್ನ ಸ್ಟೋರಿಗೆ ಸಾಮಾನ್ಯವಾಗಿ ಮೂವತ್ತು ನಲವತ್ತು ಪ್ರಶ್ನೆ ಬೀಳುತ್ತವೆ. ಅಂದು ನಾನು ಎಲ್ಲಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ವಾರಸುದಾರಳು ಯಾರು, ಸುದ್ದಿ ತಿಳಿಸುವವರು ಯಾರು, ಎಷ್ಟು ದಿನಕ್ಕೆ ಹೆಸರು ತೆಗೆಯಬೇಕು, ಎಲ್ಲ ಬರೆದಿದ್ದೆ. ಮೂವರೂ ಓದಿದರು. “ನಂಗೇನೂ ಡೌಟಿಲ್ಲ,” ಎಂದ ಮಂಜು. “ನಂಗೂ ಕ್ಲಿಯರ್,” ಎಂದಳು ರೇಷ್ಮಾ. ಮೊಸರಿನಲ್ಲಿ ಕಲ್ಲು ಹುಡುಕುವ ರೇಷ್ಮಾ ಹೀಗಂದದ್ದು ನನ್ನ ಮನಸ್ಸಿಗೆ ಬಹಳ ನಾಟಿತು. ಕೊನೆಗೆ ನಾನೇ ಬಾಯಿಬಿಟ್ಟೆ. ಅಲ್ಲಪ್ಪಾ, ನಾನು ಹೋದ ಮೇಲೆ ನನ್ನ ಕೆಲಸ ಯಾರು ಮಾಡುತ್ತಾರೆಂದು ಯಾರೂ ಕೇಳುವುದಿಲ್ಲವೇ ಎಂದೆ. “ಅದು ಈ ಸ್ಟೋರಿ ಚಕ್ಕುಬಂದಿ ಒಳಗೆ ಬರಲ್ಲ ಅಣ್ಣ,” ಎಂದ ಮಂಜು, ಮೆಲ್ಲಗೆ.

“ಒಂದೇ ಒಂದು ಬಾಕಿ ಐತೆ,” ಎಂದಳು ಶ್ವೇತಾ. “ತಾರೀಕು ಹಾಕಿಲ್ಲ ನೀವು. ತಾರೀಕು ಇಲ್ದೆ ರೆಡಿ ಹಾಕಕ್ಕಾಗಲ್ಲ, ನೀವೇ ಮಾಡಿದ ರೂಲು.” ನಾನು ಬೇಕೆಂದೇ ಬಿಟ್ಟಿದ್ದೆ. ಕಳೆದುಹೋದ ತಾರೀಕು ಹಾಕಿ ಎಂದೆ. ಆ ತಾರೀಕಿನ ಆಮೇಲೂ ನೀವು ಲಾಗಿನ್ ಆಗಿದ್ದೀರಿ, ಆ್ಯಪ್ ಒಪ್ಪುವುದಿಲ್ಲ ಎಂದರು. ಹಾಗಾದರೆ ನಿಮಗೆ ತೋಚಿದ್ದು ಹಾಕಿಕೊಳ್ಳಿ, ನನಗೆ ತೋರಿಸಬೇಡಿ ಎಂದು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಕೆಳಗೆ ಗೊಬ್ಬರದ ಮೂಟೆ ಇಳಿಸುತ್ತಿದ್ದರು. ಹಿಂದೆ ಅವರು ಪಿಸುಗುಟ್ಟಿಕೊಂಡರು. “ಅಷ್ಟ್ ಬೇಗ ಬೇಡ,” ಎಂದು ಒಬ್ಬರು ಅಂದದ್ದು ಕೇಳಿಸಿತು. “ಟೆಸ್ಟ್ ಮಾಡಬೇಕಲ್ಲ, ದೂರ ಹಾಕಿದ್ರೆ ಆಗಲ್ಲ,” ಎಂದು ಇನ್ನೊಬ್ಬರು. ಕೀಲಿಗಳು ಎಂಟು ಸಲ ಟಕಟಕ ಎಂದವು. ಆಮೇಲೆ ಮೂವರೂ ಒಟ್ಟಿಗೆ ಬಿಡ್ತು ಅಂದರು. ನಾನು ಕೆಳಗಿನ ಮೂಟೆ ಎಣಿಸುತ್ತಿದ್ದೆ, ನನ್ನದು ಅದರಲ್ಲಿ ಸೇರಲಿಲ್ಲ.

ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯಿತು. ಈರಜ್ಜ ಹೆಬ್ಬೆರಳನ್ನು ಫೋನಿನ ಮೇಲೆ ಒತ್ತಿದ. ವಾರಸುದಾರಳ ಜಾಗದಲ್ಲಿ ಭಾಗ್ಯಳ ಹೆಸರು ಮೂಡಿತು. ಯುಗಾದಿಯ ಪಟ್ಟಿಯಲ್ಲಿ ಅವಳಿದ್ದಾಳೆ, ಅಜ್ಜನ ನಂತರ ಕುರಿ ಅವಳವು, ಇನ್ನು ಯಾರೂ ಸಂತೆಗೆ ಹೊಡೆಯುವಂತಿಲ್ಲ. ಆವತ್ತು ಅವಳು ನನ್ನ ಕಡೆ ನೋಡಿ ನಕ್ಕಳು. ಅಷ್ಟು ನಿರಾಳ ನನಗೆ ಯಾವ ಪತ್ರ ನೋಂದಣಿಯಾದಾಗಲೂ ಆಗಿರಲಿಲ್ಲ. ಈರಜ್ಜ ಗಟ್ಟಿಮುಟ್ಟಾಗಿದ್ದಾನೆ. ಮೊನ್ನೆ ಹೋದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾಕಪ್ಪ ಇಳಿದೋಗಿದೀಯ, ಹಾಲು ಕುಡಿ,” ಎಂದ.

ಆ ಸ್ಟೋರಿ ಈಗಲೂ ಅಲ್ಲೇ ಇದೆ. ಮೂರು ಸಲ ಒತ್ತಿದರೆ ತೆರೆಯುತ್ತದೆ. ನಾನು ಎರಡು ಸಲ ಒತ್ತಿ ಎಷ್ಟೋ ಬಾರಿ ವಾಪಸು ಬಂದಿದ್ದೇನೆ. ಕಚೇರಿಯಲ್ಲಿ ಎಲ್ಲರೂ ನನ್ನ ಬಗ್ಗೆ ಬಹಳ ಪ್ರೀತಿಯಿಂದ ಇದ್ದಾರೆ. ಟೀ ಮೊದಲು ನನಗೆ ಕೊಡುತ್ತಾರೆ. ಮಂಜು ಸಂಜೆ ಸ್ಟೇಷನ್ನಿನ ತನಕ ಬೈಕಿನಲ್ಲಿ ಬಿಡುತ್ತಾನೆ, ನಿಧಾನವಾಗಿ ಓಡಿಸುತ್ತಾನೆ. ರೇಷ್ಮಾ ನನ್ನ ಬರಹದಲ್ಲಿ ತಪ್ಪು ಹುಡುಕುವುದನ್ನೇ ಬಿಟ್ಟಿದ್ದಾಳೆ. ಮೂವರೂ ಆ ತಾರೀಕನ್ನು ಮರೆತಿರಬಹುದು. ಮರೆತವರು ಹೀಗಿರುತ್ತಾರೆಯೇ ಎಂಬುದೊಂದೇ ನನ್ನ ಅನುಮಾನ.

ನಿನ್ನೆ ಮಧ್ಯಾಹ್ನ ಶ್ವೇತಾ ನನ್ನ ಮೇಜಿನ ಹತ್ತಿರ ಬಂದು ನಿಂತಳು. “ಮೂರ್ತಣ್ಣ, ಮುಂದಿನ ತಿಂಗಳ ಸ್ಟೋರಿಗಳನ್ನೆಲ್ಲ ಈ ತಿಂಗಳೇ ರೆಡಿ ಮಾಡಿಕೊಟ್ಬಿಡ್ತೀರಾ?” ಎಂದಳು. ಮೂವತ್ತು ವರ್ಷ ಪ್ರಶ್ನೆ ಕೇಳಿಯೇ ಅನ್ನ ತಿಂದ ನಾನು, ಯಾಕಮ್ಮ ಎಂದು ಒಂದು ಮಾತು ಕೇಳಬೇಕಿತ್ತು. ಆಗಲಮ್ಮ ಎಂದು ತಲೆ ತಗ್ಗಿಸಿ ಬರೆಯಲು ಕೂತೆ.